ಕೈ ಬಿಡುವಿರಲಿ ಎಂದು ತಂದದ್ದು

ಪಿರಿಯಾಪಟ್ಟಣದ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕದ ಬೆಂಚಿನ ಮೇಲೆ ಇಬ್ಬರು ಹೆಂಗಸರು ಕುಳಿತಿದ್ದರು. ಹಿರಿಯಳೇ ಮಾತು ತೆಗೆದಳು.

“ಮನೇಲೇ ಕೂತು ಫೋನಲ್ಲಿ ಮಾತಾಡೋ ಕೆಲ್ಸ. ಅದೆಂಗೆ ಹೋಯ್ತು ಪೂಜಾ?”

“ಫೋನಿಗೆ ಅಂತ ಒಂದು ಸ್ಪೀಕರ್ ತಗಂಡಿದ್ದೇ ತಪ್ಪಾಯ್ತು ಕಣಕ್ಕ. ಗಿರಾಕಿಗಳು ಹೇಳಿದ್ದನ್ನ ಟೈಪ್ ಮಾಡ್ಬೇಕಲ್ಲ, ಕೈ ಬಿಡುವಿರ್ಲಿ ಅಂತ ತಗಂಡೆ.”

“ಒಳ್ಳೇದೇ ಅಲ್ವಾ?”

“ಕೈ ಬಿಡುವಾಗೇ ಅದೆಯಲ್ಲ ಅಂತ ಅತ್ತೆ ಅವರೆಕಾಯಿ ಮೊರ ತಂದು ಮುಂದಿಟ್ರು.”

“ಸುಲಿದ್ಯಾ?”

“ಸುಲಿದೆ. ಆಮೇಲೆ ಬೆಳ್ಳುಳ್ಳಿ, ಆಮೇಲೆ ರೊಟ್ಟಿ. ಮಾವ ಕಾಫಿ ಕಾಫಿ ಅಂತ ಕೂಗೋದು, ಪಾತ್ರೆ ಸದ್ದು, ಎಲ್ಲಾ ಗಿರಾಕಿಗಳಿಗೆ ಕೇಳ್ತಿತ್ತು. ಕಂಪನಿಯೋರು ಹೇಳಿ ಹೇಳಿ ಸಾಕಾಗಿ ತೆಗೆದಾಕುದ್ರು.”

“ಮೈಸೂರಲ್ಲಿ ಆಫೀಸಿಗೆ ಹೋಗೋ ಕೆಲ್ಸ ನೋಡೇ.”

“ಮನೇಲಿ ಕೂತು ಮಾಡಂಗಿದ್ರೆ ಮಾಡು, ಇಲ್ದಿದ್ರೆ ಬುಡು ಅಂತಾರೆ ನಮ್ಮೋರು.”

“ಮತ್ತೆ ಆ ಸ್ಪೀಕರು?”

“ಅತ್ತೆ ದೇವ್ರ ಮನೇಲಿ ಇಟ್ಕಂಡವ್ರೆ. ಬೆಳಿಗ್ಗೆ ವಚನ ಹಾಡ್ತದೆ.”

“ಚೆನ್ನಾಗಿ ಕೇಳ್ತದಾ?”

“ಕೇಳ್ದೆ ಏನು? ಆಗ ಮನೇಲಿ ಒಬ್ರೂ ಉಸಿರೆತ್ತಲ್ಲ.”

ಅಷ್ಟರಲ್ಲಿ ರಾವಂದೂರಿನ ಬಸ್ಸು ಬಂತು. ಪೂಜಾ ಎರಡೂ ಕೈಯಲ್ಲಿ ಚೀಲ ಎತ್ತಿಕೊಂಡು ಹತ್ತಿದಳು.