ಜೀಪು ಮೇಲೆ ಹೋದ ಮಧ್ಯಾಹ್ನ

ಹಲೋ… ಹಲೋ, ಗುಂಡ್ಲುಪೇಟೆ ಮಿಲ್ಲಾ? ಯಾರು ಮಾತಾಡ್ತಿರೋದು?… ಭಾವ ತಾನೆ? ಭಾವಾ, ನಾನು ಲೀಲ. ಸುಲ್ತಾನ್ ಬತ್ತೇರಿ ಪೋಸ್ಟಾಫೀಸಿಂದ. ಟ್ರಂಕ್ ಕಾಲ್ ಎಂಟು ಗಂಟೆಗೇ ಬುಕ್ ಮಾಡಿದ್ದೆ, ಈಗ ಸಿಕ್ತು… ಚೆನ್ನಾಗಿದೀನಿ. ತುಂಬಾ ಚೆನ್ನಾಗಿದೀನಿ… ಅಳ್ತಿಲ್ಲ ಭಾವ, ನಗ್ತಿರೋದು. ಅಕ್ಕನ್ನ ಕರೀರಿ. ಮಿಷಿನ್ನು ಒಂಚೂರು ನಿಲ್ಲಿಸೋಕಾಗುತ್ತಾ?

…

ಅಕ್ಕಾ… ಹಾಂ, ನಾನೇ. ಬೈಯಿ, ಎಷ್ಟು ಬೇಕೋ ಬೈಯಿ… ನನ್ನ ನೋಡೋಕೆ ಏಳು ಜನ ಬಂದಿದ್ರಾ? ಹುಡುಗನ ಸೋದರಮಾವನೂ ಬಂದಿದ್ನಾ?… ಆರು ಗಂಟೆವರೆಗೂ ಕಾದ್ರಾ. ಪಾಪ. ಉಪ್ಪಿಟ್ಟು ಕೇಸರಿಬಾತು ಎಲ್ಲ ತಿಂದ್ರು ತಾನೆ?… ಸರಿ ಸರಿ, ತಮಾಷೆ ಮಾಡಲ್ಲ.

… ಬಸ್ ತಪ್ಪಿದ್ದಲ್ಲ. ಹೇಳ್ತೀನಿ. ನೀನು ಮೊದಲು ಕೂತ್ಕೋ. ಕೂತ್ಯಾ?

ನೆನ್ನೆ ಬೆಳಿಗ್ಗೆ ಆ ಹಸಿರು ಸೀರೆ ಬ್ಯಾಗಿಗೆ ಹಾಕ್ಕೊಂಡು ಸಬ್ ಸೆಂಟರಿಗೆ ಬೀಗ ಹಾಕ್ತಿದ್ದೆ. ಹೊರಟೇಬಿಟ್ಟಿದ್ದೆ ಅಂತಿಟ್ಕೋ. ಕಾಡೊಳಗಿನ ಹಾಡಿಯಿಂದ ಬೊಮ್ಮನ್ ಓಡಿ ಬಂದ. ಅವನ ಹೆಂಡತಿ ಸೀತಂಗೆ ನೋವು ಬಂದಿದೆ ಅಂತ. ಚೊಚ್ಚಲು. ಮಗು ಕಾಲು ಕೆಳಗೆ ಮಾಡ್ಕೊಂಡು ಕೂತಿದೆ ಅಂತ ನಂಗೆ ಹೋದ ವಾರಾನೇ ಗೊತ್ತಿತ್ತು. ಆಸ್ಪತ್ರೆಗೆ ಹೋಗಿ ಇರು ಅಂದಿದ್ದೆ, ಕೇಳಿರ್ಲಿಲ್ಲ ಅವಳು…

ನಾನಲ್ದೆ ಇನ್ಯಾರಕ್ಕ, ಅಲ್ಲಿ ನರ್ಸು ಅಂತ ಇರೋಳು ನಾನೊಬ್ಬಳೇ. ಬಾಡಿಗೆ ಜೀಪಿನ ವೇಲಾಯುಧನ್ ಜೀಪು ತಂದ. ಅವಳನ್ನ ಹತ್ತಿಸಿಕೊಂಡು ಬತ್ತೇರಿ ಕಡೆ ಹೊರಟ್ವಿ. ಎರಡು ಗಂಟೆ ಇರ್ಬೇಕು, ಕಾಡಿನ ಮಧ್ಯೆ ಇಂಜಿನ್ ಕಾದು ಹೊಗೆ ಬಂತು. ವೇಲಾಯುಧನ್, ಬೊಮ್ಮನ್ ಇಬ್ರೂ ಡಬ್ಬ ಹಿಡ್ಕೊಂಡು ನೀರಿಗೆ ಅಂತ ಹಳ್ಳಕ್ಕಿಳಿದ್ರು. ಜೀಪಲ್ಲಿ ನಾನು, ಸೀತ. ಆಗ ಜೀಪು ಮೇಲೆ ಹೋಯ್ತು.

… ಮೇಲೆ ಅಂದ್ರೆ ಮೇಲೆ. ದಿಬ್ಬ ಹತ್ತಿದ್ದಲ್ಲ. ತೇಗದ ಮರದ ತುದಿ ಎಲ್ಲ ನಮ್ಮ ಕಾಲ ಕೆಳಗೆ ಹೋಯ್ತು.

… ಆನೆ ಅಲ್ಲ ಅಕ್ಕ. ಆನೆ ಎತ್ತಿದ್ರೆ ಅಲ್ಲೇ ಕೆಳಗೆ ಹಾಕ್ತಿರ್ಲಿಲ್ವಾ. ಇದು ಒಂದು ವಿಮಾನ. ವಿಮಾನವೂ ಅಲ್ಲ, ರೆಕ್ಕೆ ಇಲ್ಲ, ಸದ್ದಿಲ್ಲ. ಅದರ ಹೊಟ್ಟೆ ಬಾಯ್ತೆರೀತು, ನಮ್ಮನ್ನ ಜೀಪಿನ ಸಮೇತ ಒಳಗೆ ಹಾಕ್ಕೊಂಡು ಮುಚ್ಕೊಳ್ತು. ಒಳಗೆ ಗೋಡೆ ಎಲ್ಲ ಹಲಸಿನ ತೊಳೆ ಬಣ್ಣ, ಮುಟ್ಟಿದ್ರೆ ಬೆಚ್ಚಗಿತ್ತು. ಆರು ಜನ ಇದ್ರು. ಎತ್ತರ, ತೆಳ್ಳಗೆ. ಬಾಯಿ ಇಲ್ಲ… ಇಲ್ಲ ಅಂದ್ರೆ ಇಲ್ಲ. ಬಾಯಿ ಇರಬೇಕಾದ ಜಾಗ ಬರೀ ನುಣ್ಣಗೆ. ನಮ್ಮ ಭೂಮಿಯವರಲ್ಲ ಅವರು.

… ಜ್ವರ ಇಲ್ಲ. ನಾನೇ ನೋಡ್ಕೊಂಡೆ, ಥರ್ಮಾಮೀಟರ್ ಇಟ್ಟು.

ಮಾತು ತಲೆಯೊಳಗೇ ಬರೋದು. ನೀನು ಅಡುಗೆ ಮಾಡ್ತಾ ಮನಸ್ಸಲ್ಲೇ ಅನ್ಕೊಳ್ತೀಯಲ್ಲ, ಉಪ್ಪು ಹಾಕಿದ್ನೋ ಇಲ್ವೋ ಅಂತ, ಹಾಗೆ. ನನ್ನ ದನೀಲೇ. ಆದ್ರೆ ಅನ್ನೋರು ಅವರು, ಕೇಳೋಳು ನಾನು. ಸೀತಂಗೆ ಅವಳ ಮಾತಲ್ಲೇ ಕೇಳಿಸ್ತಂತೆ. ಮೊದಲು ಕೇಳಿದ್ದು, ನೀವು ಎಷ್ಟು ಜನ ಅಂತ. ಇಬ್ರು ಅಂದೆ. ಸುಳ್ಳು ಅಂದ್ರು. ಮೂರು ಮನಸ್ಸು ಕೇಳಿಸ್ತಿದೆ, ಮೂರನೆಯವರನ್ನ ಎಲ್ಲಿ ಬಚ್ಚಿಟ್ಟಿದೀರಿ ಅಂದ್ರು…

ನೀನೀಗ ನಗ್ತೀಯ, ನಂಗೆ ಆಗ ನಗು ಬರ್ಲಿಲ್ಲ. ಜೀಪಿನ ಸೀಟು ಕಿತ್ತು ನೋಡಿದ್ರು. ನನ್ನ ಬ್ಯಾಗು ಕೊಡವಿದ್ರು. ಸೀರೆ ಬಿತ್ತು, ಬಳೆ ಬಿತ್ತು, ನೀನು ಕಳಿಸಿದ್ಯಲ್ಲ ಆ ಹುಡುಗನ ಫೋಟೋ, ಅದೂ ಬಿತ್ತು. ಇವನೇನಾ ಮೂರನೆಯವನು ಅಂದ್ರು. ಇವನ್ಯಾರೋ ನಂಗೆ ಗೊತ್ತೇ ಇಲ್ಲ, ಅಕ್ಕ ಹೇಳಿದ್ಲು ಅಂತ ಹೊರಟಿದೀನಿ ಅಂದೆ. ಬಾಯಲ್ಲಿ ಹೇಳಿದ್ದಲ್ಲ, ಮನಸ್ಸಲ್ಲಿ ಬಂದ್ಬಿಡ್ತು. ಇದು ಸುಳ್ಳಲ್ಲ ಅಂತ ಆರೂ ಜನ ಒಪ್ಕೊಂಡ್ರು.

… ಹಾಂ. ಬೇಡ ಅಂತಾನೇ ಹೇಳಿಬಿಡಕ್ಕ ಅವರಿಗೆ. ಒಳ್ಳೆ ಮಾತಲ್ಲಿ ಹೇಳು… ಕೋಪ ಬಂತಾ?… ನಿಜವಾಗ್ಲೂ? ನಿಂಗೂ ಅವನ ಮಾವ ಹಿಡಿಸಿರ್ಲಿಲ್ವಾ? ಮತ್ತೆ ಯಾಕೆ ಕರೆಸಿದೆ?

… ಒಂದು ನಿಮಿಷ. ಹಾಂ, ಚೇಚಿ? ಮೂರು ನಿಮಿಷ ಆಯ್ತಾ? ಇನ್ನೊಂದು ಮೂರು ಕೊಡಿ ಚೇಚಿ, ಲೈನ್ ತೆಗೀಬೇಡಿ… ಎಕ್ಸ್‌ಚೇಂಜಿನ ಹೆಂಗಸು ಕಣಕ್ಕ. ಎಲ್ಲಿದ್ದೆ?

ಹಾಂ. ಬಚ್ಚಿಟ್ಟವರು ಹೊರಗೆ ಬರೋವರೆಗೂ ಇಳಿಸಲ್ಲ, ಹೀಗೇ ಕರ್ಕೊಂಡು ಹೋಗ್ತೀವಿ ಅಂದ್ರು. ಎಲ್ಲಿಗೆ ಅಂದೆ. ತಲೆಯೊಳಗೇ ತೋರಿಸಿದ್ರು. ಕತ್ತಲೆ, ಅದರಾಚೆ ಇನ್ನೂ ಕತ್ತಲೆ. ಅಷ್ಟರಲ್ಲಿ ಸೀತಂಗೆ ದೊಡ್ಡ ನೋವು ಬಂತು ನೋಡು. ಆರೂ ಜನ ದಬದಬ ಅಂತ ಬಿದ್ರು.

… ನೆಲಕ್ಕೆ. ಮನಸ್ಸು ಕೇಳಿಸುತ್ತಲ್ಲ ಅವರಿಗೆ, ನೋವೂ ಹಾಗೇ ಹೋಗಿದೆ. ನಡು ಹಿಡ್ಕೊಂಡು ಮುದುರಿಕೊಂಡ್ರು. ವಿಮಾನ ನಡೆಸ್ತಿದ್ದವನೂ ಬಿದ್ದ. ವಿಮಾನ ವಾಲಿ, ಜೀಪು ಜಾರಿ ಗೋಡೆಗೆ ಒರಗ್ತು. ಕಿಟಕಿಯಲ್ಲಿ ಕಾಡು ತಲೆಕೆಳಗಾಗಿ ಕಂಡಿತು. ನೋವು ಇಳಿದ ಮೇಲೆ ಒಬ್ಬೊಬ್ಬರೇ ಎದ್ರು. ಇದ್ಯಾವ ಆಯುಧ ಅಂದ್ರು. ಆಯುಧ ಅಲ್ಲ, ಹೆರಿಗೆ ಅಂದೆ. ತಿಳೀಲಿಲ್ಲ ಅವರಿಗೆ. ನಾನು ಈವರೆಗೆ ಮಾಡಿಸಿದ ಹೆರಿಗೆ ಒಂದೊಂದಾಗಿ ನೆನೆಸ್ಕೊಂಡೆ, ಅವರು ನೋಡ್ತಾ ಬಂದ್ರು. ಒಳಗಿಂದಾ ಅಂದ ಒಬ್ಬ. ಹೂಂ, ಒಳಗಿಂದ ಅಂದೆ. ನೀವೆಲ್ಲರೂ ಹೀಗೇನಾ ಬಂದಿದ್ದು ಅಂದ. ಎಲ್ಲರೂ ಅಂದೆ. ಆರೂ ಜನ ಸೀತನ ಹೊಟ್ಟೆ ಕಡೆ ತಿರುಗಿದ್ರು.

… ಹೌದಕ್ಕ, ನೋವು ಇರುತ್ತೆ. ಆದ್ರೆ ಮಧ್ಯೆ ಮಧ್ಯೆ ಬಿಡುವು ಇರುತ್ತಲ್ಲ. ಯಾಕೆ?… ಸರಿ, ಸುಮ್ನೆ ಕೇಳಿದ್ಯಾ.

ಒಂದು ಹೇಳಲಾ? ಯಾರಿಗೂ ಹೇಳಬೇಡ. ಅಲ್ಲಿ ಅವರದ್ದಷ್ಟೇ ಅಲ್ಲ, ನನ್ನ ಮನಸ್ಸು ಸೀತಂಗೆ, ಅವಳದ್ದು ನಂಗೆ, ಎಲ್ಲ ಕೇಳಿಸ್ತಿತ್ತು. ನಾನು ಬಾಯಲ್ಲಿ ಹೆದರಬೇಡ ಮಗಳೇ ಅಂತಿದೀನಿ. ಒಳಗೆ, ಈ ಹಾಡಿಯವರಿಗೆ ಎಷ್ಟು ಹೇಳಿದ್ರೂ ಇಷ್ಟೇ, ಇವಳ ದೆಸೆಯಿಂದ ನಾನೂ ಸಾಯ್ತೀನಿ ಅಂತ. ಎರಡೂ ಒಟ್ಟಿಗೆ ಕೇಳಿಸ್ತು ಅವಳಿಗೆ. ಮುಖ ಎಲ್ಲಿಟ್ಕೊಳ್ಲಿ ಹೇಳು. ಮೂರು ವರ್ಷದಿಂದ ಆ ಹಾಡಿಗೆ ನಗ್ತಾ ಹೋಗಿ ನಗ್ತಾ ಬರ್ತಿದೀನಿ…

ಬೈಲಿಲ್ಲ ಅವಳು. ನೀವು ಹಾಗೆ ಅನ್ಕೊಳ್ತೀರಿ ಅಂತ ನಂಗೆ ಗೊತ್ತಿತ್ತು ಸಿಸ್ಟರೆ, ಅದಕ್ಕೇ ಆಸ್ಪತ್ರೆಗೆ ಬರ್ಲಿಲ್ಲ ಅಂದ್ಲು. ಕೋಪ ಇದೆಯಾ ಅಂತ ಅವಳ ಮನಸ್ಸಲ್ಲಿ ಹುಡುಕಿದೆ. ಇರ್ಲಿಲ್ಲ. ಬರೀ ಹೆದರಿಕೆ. ತಪ್ಪಾಯ್ತು ಅಂದೆ. ಒಳಗಿಂದಲೇ ಅಂದೆ. ಅವಳು ನನ್ನ ಕೈ ಹಿಡ್ಕೊಂಡ್ಲು.

… ಹೂಂ. ಬಿಡು, ಅಳಬೇಡ ನೀನು. ಮುಂದೆ ಕೇಳು, ಇದೇ ಚೆನ್ನಾಗಿರೋದು.

ಕಾಲು ಕೆಳಗಿದ್ದ ಮಗು ಅಲ್ವಾ, ಆಸ್ಪತ್ರೆ ಇಲ್ಲ, ಡಾಕ್ಟ್ರಿಲ್ಲ. ಆಗ ನಂಗೆ ಹೊಳೀತು. ಅಲ್ಲಪ್ಪ, ಒಳಗಿರೋ ಮನಸ್ಸು ನಿಮಗೆ ಕೇಳಿಸುತ್ತಲ್ಲ, ನಿಮ್ಮದು ಅದಕ್ಕೆ ಕೇಳಿಸಲ್ವಾ ಅಂದೆ. ಕೇಳಿಸುತ್ತೆ ಅಂದ್ರು. ಹಾಗಾದ್ರೆ ತಿರುಗು ಅಂತ ಹೇಳಿ, ತಲೆ ಕೆಳಗೆ ಮಾಡು ಅಂತ ಹೇಳಿ ಅಂದೆ. ಆರೂ ಜನ ಸೀತನ ಹೊಟ್ಟೆ ಸುತ್ತ ಬಗ್ಗಿ ನಿಂತ್ರು. ನನ್ನ ಕೈ ಹೊಟ್ಟೆ ಮೇಲೇ ಇತ್ತಕ್ಕ. ಕೈ ಕೆಳಗೇ ತಿರುಗ್ತು. ನಿಧಾನಕ್ಕೆ, ನಿದ್ದೆಯಲ್ಲಿ ಮಗ್ಗುಲು ಬದಲಾಯಿಸ್ತಾರಲ್ಲ, ಹಾಗೆ.

… ನಿಜ ಅಂದೆ ತಾನೆ. ಆಣೆ ಯಾಕೆ, ನನ್ನ ದನಿ ಕೇಳಿದ್ರೆ ಗೊತ್ತಾಗಲ್ವಾ ನಿಂಗೆ.

ಆಮೇಲೆ ಒಂದೂವರೆ ಗಂಟೆ. ನೋವು ಬಂದಾಗ ಉಸಿರು ಬಿಡು ಅಂತ ಸೀತಂಗೆ ಹೇಳಿದ್ರೆ, ಬಾಯಿಲ್ಲದ ಆ ಆರು ಜನವೂ ಎಲ್ಲಿಂದಲೋ ಉಸಿರು ಬಿಡೋರು, ಫೂ ಫೂ ಅಂತ ಇಡೀ ವಿಮಾನ ಊದಿಕೊಂಡು ಇಳಿಯೋದು. ವಿಮಾನ ನಡೆಸೋನಿಗೆ ಮಾತ್ರ ನೀನು ಬೀಳಬೇಡ ಅಂತ ಗದರಿಸ್ತಿದ್ದೆ. ನಾಲ್ಕು ಗಂಟೆಗೆ ಮಗು ಆಯ್ತು.

… ಹಲೋ? ಯಾರು?… ಚೇಚಿ, ನೀವು ಕೇಳಿಸ್ಕೊಳ್ತಿದೀರಾ?… ಹೆಣ್ಣು, ಹೆಣ್ಣು ಮಗು. ಅಕ್ಕ, ಎಕ್ಸ್‌ಚೇಂಜ್ ಚೇಚಿ ಗಂಡೋ ಹೆಣ್ಣೋ ಅಂತ ಕೇಳ್ತಿದಾರೆ. ಇನ್ನೂ ಮೂರು ನಿಮಿಷ ಕೊಡ್ತಾರಂತೆ.

ಮಗು ಅತ್ತಿತು ನೋಡು, ಆಗ ಅವರಿಗೆ ಏನೋ ಆಯ್ತು. ಸಂತೋಷ ಅಂತ ಇಟ್ಕೋ. ಅವರದ್ದು ನಮಗೆ ಬಂತು, ನಮ್ಮದು ಅವರಿಗೆ ಹೋಯ್ತು, ದುಪ್ಪಟ್ಟಾಗಿ ವಾಪಸ್ ಬಂತು. ನಾನು, ಸೀತ ಹೊಟ್ಟೆ ಹಿಡ್ಕೊಂಡು ನಕ್ವಿ. ನೆನ್ನೆಯಿಂದ ಅದು ಇಳಿದೇ ಇಲ್ಲ. ಇಲ್ಲಿ ಪೋಸ್ಟ್‌ಮಾಸ್ಟರು ನನ್ನನ್ನ ನೋಡ್ತಿದಾರೆ, ಅವರನ್ನ ನೋಡಿದ್ರೂ ನಗು ಬರ್ತಿದೆ.

… ಇಳಿಸಿದ್ರು, ಇನ್ನೇನು. ಮೂರನೆಯವಳು ಹೊರಗೆ ಬಂದ್ಲಲ್ಲ. ಒಬ್ಬ ಮಗುವಿನ ಅಂಗಾಲು ಮುಟ್ಟಿ ಮುಟ್ಟಿ ನೋಡಿದ. ಆಮೇಲೆ ಮುತ್ತಂಗ ದಾಟಿ ಕರ್ನಾಟಕದ ಕಡೆ ರಸ್ತೇಲಿ ಜೀಪು ಮೆತ್ತಗೆ ಇಟ್ಟು ಹೋದ್ರು. ಮೈಸೂರು ಬಸ್ಸಿನವರು ನೀರು ಹಾಕಿ, ತಳ್ಳಿ ಸ್ಟಾರ್ಟ್ ಮಾಡಿಸಿ, ಬಸ್ಸಲ್ಲಿ ಬರ್ತಿದ್ದ ಇನ್ನೊಬ್ಬ ಡ್ರೈವರ್ ನಮ್ಮನ್ನ ಚೆಕ್‌ಪೋಸ್ಟಿಗೆ ತಂದು ಬಿಟ್ಟ. ವೇಲಾಯುಧನ್ ಅಲ್ಲಿ ನೀರಿನ ಡಬ್ಬ ತೊಡೆ ಮೇಲೆ ಇಟ್ಕೊಂಡು ಕೂತಿದ್ದ. ಜೀಪು ಕಳವಾಗಿದೆ ಅಂತ ಬರೆಸ್ತಿದ್ದ. ಬೊಮ್ಮನ್ ಮಗು ನೋಡಿ, ಇಷ್ಟು ಬೇಗ ಆಸ್ಪತ್ರೆಗೆ ಹೋಗಿ ಬಂದ್ರಾ ಅಂದ.

… ತಾಯಿ ಮಗು ಇಬ್ರೂ ಬತ್ತೇರಿ ಆಸ್ಪತ್ರೆಯಲ್ಲಿದಾರೆ. ಎರಡೂ ಮುಕ್ಕಾಲು ಕಿಲೋ. ಈಗ ನಂಗೆ ತಲೆನೋವು ಏನು ಗೊತ್ತಾ, ಹುಟ್ಟಿದ ಸ್ಥಳ ಏನಂತ ಬರೀಲಿ? ವಯನಾಡ್ ಹೊಸ ಜಿಲ್ಲೆ ಆಗಿ ವರ್ಷ ತುಂಬಿಲ್ಲ, ಫಾರಂನಲ್ಲಿ ಕಲ್ಲಿಕೋಟೆ ಅಂತ ಅಚ್ಚಾಗಿರೋದನ್ನ ಹೊಡೆದು ವಯನಾಡ್ ಅಂತ ಬರೀತಿದೀನಿ ಇನ್ನೂ. ವಯನಾಡಿನ ಮೇಲ್ಗಡೆ ಅಂತ ಬರೆದೆ. ಯಾರು ಕೇಳ್ತಾರೋ ಕೇಳ್ಲಿ.

… ಏನು? ಜೋರಾಗಿ ಹೇಳು… ಸೀತ ನೋವು ಹೇಗೆ ತಡ್ಕೊಂಡ್ಲು ಅಂತಾನಾ? ಆಗಲೂ ಅದೇ ಕೇಳಿದೆ ನೀನು… ಅಕ್ಕ.

…

ಎಷ್ಟು ತಿಂಗಳು?

… ಮೂರು ದಾಟ್ತಾ. ಮೂರು ದಾಟಿದ್ರೂ ಯಾರಿಗೂ ಹೇಳಿಲ್ವಾ?… ಹೆದರಿಕೆ ಆಗುತ್ತೆ, ಗೊತ್ತು. ಎರಡು ಸಲ ಹೋಯ್ತು ಅಂತ ಈ ಸಲವೂ ಹಾಗೇ ಅಂತ ಇದೆಯಾ… ಕೇಳು. ಸಂಜೆ ಬಸ್ಸಿಗೆ ನಾನು ಬರ್ತೀನಿ. ನಾನೇ ನೋಡ್ಕೊಳ್ತೀನಿ, ಕೊನೇವರೆಗೂ. ಭಾವ ಅಲ್ಲೇ ಇದಾರಾ?… ಹಾಗಾದ್ರೆ ಈಗಲೇ ಹೇಳು. ಫೋನ್ ಇಡಬೇಡ. ಅವರ ಕಡೆ ತಿರುಗಿ ಹೇಳು, ನಾನಿಲ್ಲೇ ಇದೀನಿ.

…

ಹೇಳಿದ್ಯಾ?… ಏನಂದ್ರು ಭಾವ?… ಅಕ್ಕ, ಅದೇನು ಸದ್ದು? ಮಿಷಿನ್ನಾ? ಭಾವ ನಗ್ತಿರೋದಾ? ಅಥವಾ ಅಳ್ತಿದಾರಾ… ಅಕ್ಕ?… ಹಲೋ?… ಚೇಚಿ, ಲೈನ್ ಕೊಡಿ ಚೇಚಿ, ಭಾವ ಏನಂದ್ರು ಅಂತ ಒಂದೇ ಒಂದು…