ಅಜ್ಜಿಯನ್ನ ಕೆಸರಲ್ಲಿ ಕೂರಿಸಿದ ವಿಚಾರ

ಕದ್ದ ಅಂತೀರಲ್ಲ ಅಧ್ಯಕ್ಷರೇ, ಮೂವತ್ನಾಲ್ಕು ಮೀಟರ್ ಉದ್ದದ ಹಡಗು ಕದ್ದೋನು ಅದನ್ನ ಎದುರುಗಡೆ ಕೆಸರಲ್ಲಿ ಎಲ್ಲರಿಗೂ ಕಾಣೋ ಹಾಗೆ ಕೂರಿಸಿ, ಸೀಟಿ ಬೇರೆ ಹೊಡೆದು, ಆಮೇಲೆ ಒದ್ದೆ ಪ್ಯಾಂಟಲ್ಲಿ ತಾನಾಗೇ ಠಾಣೆಗೆ ನಡ್ಕೊಂಡು ಬರ್ತಾನಾ? ಇದನ್ನ ನಿಮ್ಮ ಮುಖಕ್ಕೇ ಕೇಳಬೇಕು ಅಂತ ಬಂದೆ. ನೀವು ದೂರು ಕೊಟ್ಟು ಊಟಕ್ಕೆ ಹೋದ್ರಂತೆ.

ಹಾಗೆಲ್ಲ ಶುರು ಮಾಡಬಾರದು, ಮೊದಲು ನೀನು ಯಾರು ಅಂತ ಬರಿ, ಆಮೇಲೆ ಆದದ್ದನ್ನ ಆದ ಹಾಗೆ ಹೊತ್ತು ಸಮೇತ ಬರಿ ಅಂತ ಸಾಹೇಬ್ರು ಹೇಳ್ತಿದಾರೆ. ಬರ್ಕೊಳ್ಳೋರು ಇವತ್ತು ರಜೆ, ಅದಕ್ಕೆ ಪೆನ್ನು ನನ್ನ ಕೈಗೇ ಕೊಟ್ಟಿದಾರೆ. ಬಾಗಿಲು ತೆಗೆದಿದ್ರೆ ಗಾಳಿಗೆ ಕಾಗದ ಎಲ್ಲ ಹಾರುತ್ತೆ, ಹಾಕ್ಕೊಂಡೇ ಕೂತ್ಕೋ ಅಂದ್ರು. ಹಾಕಿದೀನಿ. ಗೋಡೆ ಗಡಿಯಾರದಲ್ಲಿ ಈಗ 1.22.

ಹೆಸರು ಮೇಲಿನ ಫಾರಂನಲ್ಲಿ ಬರೆದಿದೀನಿ. ಹಡಗಲ್ಲಿ ಯಾರೂ ಆ ಹೆಸರು ಹಿಡಿದು ಕರೆಯಲ್ಲ, ಸ್ಪ್ರಿಂಗು ಅಂತಾರೆ, ಒಂದು ಕಡೆ ಕೂರಲ್ಲ ಅಂತ. ವಯಸ್ಸು 23. ಓದು ಹತ್ತನೇ ಕ್ಲಾಸು. ಕೆಲಸ ವೆಲ್ಡಿಂಗ್. ವಾಸ ಹಗ್ಗದ ಗೋಡೌನ್ ಹಿಂದಿನ ಬೀದಿ, ನಮ್ಮ ಅತ್ತೆಯ ಟೈಲರ್ ಅಂಗಡಿ ಮಹಡಿ ಮೇಲೆ. ಈ ಮೂಲಕ ತಿಳಿಸುವುದೇನೆಂದರೆ:

ಹಡಗು ನಿಲ್ಲೋ ಧಕ್ಕೆಯಲ್ಲಿ ಕಟ್ಟಿರೋ ಹಳೇ ಟಗ್ ಹಡಗನ್ನ ನಾವು ಅಜ್ಜಿ ಅಂತ ಕರೀತೀವಿ. ದೊಡ್ಡ ದೊಡ್ಡ ಹಡಗುಗಳನ್ನ ಹಗ್ಗ ಕಟ್ಟಿ ಎಳ್ಕೊಂಡು ದಡಕ್ಕೆ ತರೋದು ಅವಳ ಕಸುಬಾಗಿತ್ತು. ವಯಸ್ಸು 87. ನಲವತ್ತೊಂದು ವರ್ಷದಿಂದ ಓಡಿಲ್ಲ. ಅವಳನ್ನ ಮ್ಯೂಸಿಯಂ ಮಾಡಬೇಕು ಅಂತ ಒಂದು ಮಂಡಳಿ ಇದೆ, ಮಂಡಳಿ ಹೇಳಿದ್ದನ್ನ ಮಾಡೋಕೆ ನಾವು ಸ್ವಯಂಸೇವಕರು ಇದೀವಿ. ಪ್ರತಿ ಶನಿವಾರ ಹೋಗ್ತೀವಿ. ನಾನು ಹೋಗೋಕೆ ಶುರು ಮಾಡಿ ಆರು ವರ್ಷ ಆಯ್ತು, ಒಂದು ಶನಿವಾರನೂ ತಪ್ಪಿಸಿಲ್ಲ, ಟೈಫಾಯ್ಡ್ ಬಂದಾಗಿನ ಎರಡು ಬಿಟ್ಟು.

ಎಂಜಿನ್ ನೋಡ್ಕೊಳ್ಳೋರು ಎಂಜಿನ್ ತಾತ. ವಯಸ್ಸು 78. ಅಜ್ಜಿ ಓಡ್ತಿದ್ದ ಕಾಲದಲ್ಲಿ ಅವಳಲ್ಲೇ ಕೆಲಸ ಮಾಡಿದೋರು. ಶನಿವಾರ ಯಾವ ಕೆಲಸ ಇರಲಿ ಬಿಡಲಿ, ಮೊದಲು ಎಂಜಿನ್ನಿಗೆ ಎಣ್ಣೆ ಬಿಟ್ಟು, ಹಾರೆ ಹಾಕಿ ಕೈಯಲ್ಲೇ ಕಾಲು ಸುತ್ತು ತಿರುಗಿಸಬೇಕು. ಕಬ್ಬಿಣ ಒಂದೇ ಭಂಗಿಲಿ ಮಲಗಿದ್ರೆ ಹಿಡ್ಕೊಂಡು ಬಿಡುತ್ತೆ, ಮಗ್ಗುಲು ಬದಲಾಯಿಸ್ತಾ ಇರಬೇಕು ಅಂತಾರೆ ತಾತ. ಹಾರೆಯ ಒಂದು ತುದಿ ಅವರು, ಇನ್ನೊಂದು ತುದಿ ನಾನು. ಸತ್ತೋರಿಗೆ ಯಾಕಪ್ಪ ಎಣ್ಣೆ ಸ್ನಾನ ಅಂತ ಮಂಡಳಿ ಅಧ್ಯಕ್ಷರು ನಗ್ತಿದ್ರು.

ಇವತ್ತು ಬೆಳಗ್ಗೆ 9 ಗಂಟೆಗೆ ಇಲಾಖೆಯಿಂದ ಪರಿಶೀಲನೆಗೆ ಬರೋರಿದ್ರು. ಅವರು ಒಪ್ಪಿದ್ರೆ ಅಜ್ಜಿ ಮ್ಯೂಸಿಯಂ. ಒಪ್ಪದೇ ಇದ್ರೆ ಬಂದರಿನೋರು ಧಕ್ಕೆ ಖಾಲಿ ಮಾಡಿಸಿ ಗುಜರಿಗೆ ಕೊಡ್ತಾರೆ, ಕುಯ್ದು ಹಾಕ್ತಾರೆ. ಹಡಗು ಕಟ್ಟಿದಾಗ ಹೇಗಿತ್ತೋ ಹಾಗೇ ಇರಬೇಕು ಅನ್ನೋದು ಅವರ ನಿಯಮ ಅಂತ ಮಂಡಳಿ ಹೇಳ್ತು. ಅದಕ್ಕೆ ಮಂಡಳಿಯ ಡ್ರಾಯಿಂಗ್ ಮೇಷ್ಟ್ರು ಹಳೇ ನಕ್ಷೆ ಹಿಡ್ಕೊಂಡು ಹಡಗೆಲ್ಲ ಸುತ್ತಿ, ನಕ್ಷೆಯಲ್ಲಿ ಇಲ್ಲದ್ದಕ್ಕೆಲ್ಲ ಹಳದಿ ಸೀಮೆಸುಣ್ಣದಲ್ಲಿ ಅಡ್ಡಗೀಟು ಹಾಕಿದ್ರು. ಗೀಟು ಬಿದ್ದದ್ದನ್ನ ನಾವು ಕೀಳಬೇಕು. ಟ್ಯೂಬ್‌ಲೈಟಿಗೆ ಗೀಟು, ಪ್ಲಾಸ್ಟಿಕ್ ನಲ್ಲಿಗೆ ಗೀಟು, ನೀರೆತ್ತೋ ಕರೆಂಟ್ ಪಂಪಿಗೂ ಗೀಟು. ನರ್ಸಕ್ಕ ಪಾಪ ಸುಮ್ಮನೆ ಗೋಡೆಗೆ ಒರಗಿ ಟೀ ಕುಡೀತಿದ್ರು, ನನಗೂ ಒಂದು ಹಾಕಿಬಿಡಿ ಮೇಷ್ಟ್ರೇ, ನಾನೂ ನಕ್ಷೆಯಲ್ಲಿ ಇಲ್ಲ ಅಂದ್ರು. ನರ್ಸಕ್ಕ ಅಂದ್ರೆ ಆಸ್ಪತ್ರೆಯಲ್ಲಿ ಕೆಲಸ ಮಾಡೋರು, ಹಡಗಲ್ಲಿ ಹಗ್ಗದ ಜವಾಬ್ದಾರಿ ಅವರದ್ದು.

ಒಟ್ಟು 63 ಗೀಟು. ಮೂರು ವಾರದಲ್ಲಿ 62 ಕಿತ್ತೆ. ಉಳಿದದ್ದು ಒಂದು. ಅದು ಎಂಜಿನ್ ಕೋಣೆ ಹಲಗೆ ಕೆಳಗೆ, ಹಡಗಿನ ತಳ ಪಕ್ಕಕ್ಕೆ ಬಾಗೋ ಕಡೆ ಮೆತ್ತಿದ್ದ ಒಂದು ಸಿಮೆಂಟ್ ಉಂಡೆ, ಮಗುವಿನ ದಿಂಬಿನಷ್ಟು. ಅದಕ್ಕೆ ಮಾತ್ರ ಕೈ ಹಚ್ಚಬೇಡ ಅಂತ ತಾತ ಎರಡು ವಾರದ ಹಿಂದೆನೇ ಹೇಳಿದ್ರು. ಯಾಕೆ ಅಂತ ಕೇಳಿದ್ರೆ, ಅದು ಅಜ್ಜಿ ನಿಂತ ವರ್ಷ ನಾನೇ ಹಾಕಿದ್ದು, ಇರಲಿ ಬಿಡೋ ಅಂದ್ರು. ವಯಸ್ಸಾದೋರು, ತಮ್ಮ ಕೈಕೆಲಸ ಅಂತ ಆಸೆ ಅಂದ್ಕೊಂಡೆ. ನನಗೆ ಒಂದು ಕೆಟ್ಟ ಸ್ವಭಾವ ಇದೆ ಸಾಹೇಬ್ರೇ. ಎಲ್ಲ ಮುಗಿದು ಒಂದೇ ಒಂದು ಉಳೀತು ಅಂದ್ರೆ ತಿಂದ ಅನ್ನ ಕೆಳಗಿಳಿಯಲ್ಲ.

ಇವತ್ತು ಬೆಳಗ್ಗೆ 6.40ಕ್ಕೆ ಧಕ್ಕೆಗೆ ಹೋದೆ. ತಾತ ಬಾಯ್ಲರ್ ಹತ್ತಿರ ಇದ್ರು. ಬಂದೋರ ಮುಂದೆ ಮೂರು ಸಲ ಸೀಟಿ ಊದಿಸೋಕೆ ಅಂತ ಮಂಡಳಿ ಅನುಮತಿ ಕೊಟ್ಟಿತ್ತು, ಅದಕ್ಕೆ ನಿನ್ನೆಯಿಂದಲೇ ಬೆಂಕಿ ಹಾಕಿ ಹಬೆ ಕಟ್ಟಿಸಿದ್ರು. ಅವರು ಕಲ್ಲಿದ್ದಲು ತರೋಕೆ ಮೇಲೆ ಹೋದಾಗ, 7.10ಕ್ಕೆ, ನಾನು ಹಲಗೆ ಎತ್ತಿ ಕೆಳಗಿಳಿದು ಉಳಿ ಸುತ್ತಿಗೆಯಿಂದ ಆ ಉಂಡೆ ಒಡೆದೆ. ಹನ್ನೆರಡು ಏಟಿಗೆ ಬಂತು. ಅಡಿಯಲ್ಲಿ ತುಕ್ಕು. ತಂತಿ ಬ್ರಷ್ ಹಾಕಿ ಚೆನ್ನಾಗಿ ಕೆರೆದು, ಒರೆಸಿ, ಕೆಂಪು ಬಣ್ಣ ಹೊಡೆದು ಮೇಲೆ ಬಂದೆ. ನೀರು ಬರ್ತಿರಲಿಲ್ಲ, ಬಂದಿದ್ರೆ ಅಷ್ಟು ಖುಷಿಯಾಗಿ ಹಾಡು ಹೇಳ್ಕೊಂಡು ಬರ್ತಿದ್ನಾ. ಅಲ್ಲಿ ತಗಡು ಇರಲೇ ಇಲ್ಲ, ಬರೀ ತುಕ್ಕೇ ನೀರನ್ನ ಹಿಡ್ಕೊಂಡಿತ್ತು, ಆ ತುಕ್ಕನ್ನೇ ನಾನು ಕೆರೆದು ತೆಗೆದಿದ್ದೆ ಅನ್ನೋದು ಆಮೇಲೆ ಗೊತ್ತಾಗಿದ್ದು.

9.02ಕ್ಕೆ ಪರಿಶೀಲನೆ ಮೇಡಂ, ಅವರ ಸಹಾಯಕರು ಬಂದ್ರು. ಮೇಷ್ಟ್ರು ಅವರನ್ನ ಮೇಲೆ ಚುಕ್ಕಾಣಿ ಕೋಣೆಗೆ ಕರ್ಕೊಂಡು ಹೋದ್ರು. ಅಧ್ಯಕ್ಷರು ಧಕ್ಕೆಗೂ ಹಡಗಿಗೂ ನಡುವಿನ ಹಲಗೆ ಮೇಲೆ ಫೈಲು ಹಿಡ್ಕೊಂಡು ನಿಂತಿದ್ರು. 9.12ಕ್ಕೆ ಕೆಳಗಿಂದ ತಾತ ನನ್ನ ಕೂಗಿದ್ರು. ಯಾವತ್ತೂ ಅಷ್ಟು ಮೆಲ್ಲಗೆ ಕೂಗಿದೋರಲ್ಲ. ಹೋಗಿ ನೋಡಿದ್ರೆ ಹಲಗೆ ಸಂದಿಯಿಂದ ನೀರು ಉಕ್ಕಿ ಬರ್ತಿದೆ. ಇಳಿದೆ. ಮೊಣಕಾಲವರೆಗೆ. ಕೈಯಾಡಿಸಿದೆ, ಅಂಗೈ ಅಗಲದ ತೂತು. ಅಂಗಿ ಬಿಚ್ಚಿ ತುರುಕಿದೆ, ತುರುಕಿದಷ್ಟೂ ಅಂಚು ಬಿಸ್ಕತ್ತಿನ ಹಾಗೆ ಮುರೀತಾ ಹೋಯ್ತು. ಕರೆಂಟ್ ಪಂಪ್ ನಾನೇ ಕಿತ್ತು ಗೋಡೌನಿಗೆ ಹಾಕಿದ್ದೆ. ಹಳೇ ಪಂಪ್ ಇದೆ, ಬಣ್ಣ ಹೊಡೆದು ಇಟ್ಟಿದೀವಿ, ಒಳಗೆ ಏನೂ ಇಲ್ಲ.

ತಾತ ನನ್ನ ಕೈ ನೋಡಿದ್ರು. ಉಗುರಲ್ಲಿ ಕೆಂಪು ಬಣ್ಣ ಇತ್ತು. ಇಲ್ಲಿ ಆಳ ಒಂಬತ್ತು ಮೀಟರ್, ಮುಳುಗಿದ್ರೆ ಚಿಮಣಿ ತುದಿ ಬಿಟ್ಟು ಏನೂ ಕಾಣಲ್ಲ, ಎದುರಿನ ಕೆಸರು ದಿಬ್ಬ 160 ಮೀಟರ್, 9.35ಕ್ಕೆ ಉಬ್ಬರ ತುಂಬುತ್ತೆ, ಅಷ್ಟರೊಳಗೆ ಅಲ್ಲಿ ಹತ್ತಿಸಿದ್ರೆ ನೀರಿಳಿದ ಮೇಲೆ ಆರಾಮಾಗಿ ಕೂತಿರ್ತಾಳೆ ಅಂದ್ರು. ಯಾರು ಎಳೀತಾರೆ ತಾತ ಅಂದೆ. ಅವಳೇ ಹೋಗ್ತಾಳೆ ಅಂದ್ರು. ಹಬೆ ಮೀಟರಿನ ಮುಳ್ಳು ಐದರಲ್ಲಿತ್ತು. ಜೋರಾಗಿ ಓಡೋಕೆ ಹನ್ನೆರಡು ಬೇಕು, ತೆವಳೋಕೆ ಇಷ್ಟು ಸಾಕು ಅಂದ್ರು.

9.16ಕ್ಕೆ ಅಧ್ಯಕ್ಷರ ಹತ್ತಿರ ಓಡಿದೆ. ಅಂಗಿ ಇಲ್ಲದೆ ಮೇಲೆ ಬರಬಾರದು, ಮೇಡಂ ಇದಾರೆ ಅಂದ್ರು. ಹಡಗು ಮುಳುಗ್ತಿದೆ, ಹಗ್ಗ ಬಿಚ್ಚಿಸಿ ಅಂದೆ. ಮೆಲ್ಲಗೆ ಮಾತಾಡು, ಹಗ್ಗ ಮುಟ್ಟೋಕೆ ಮಂಡಳಿ ತೀರ್ಮಾನ ಆಗಬೇಕು, ಸಭೆ ಹದಿನಾಲ್ಕನೇ ತಾರೀಖು ಅಂದ್ರು. ಹಾಗಾದ್ರೆ ಹದಿನಾಲ್ಕರವರೆಗೂ ಸ್ವಲ್ಪ ಕಾಯಿ ಅಂತ ನೀರಿಗೆ ನೀವೇ ಹೇಳಿ ಅಂದೆ. ಇದು ತಲೆಹರಟೆ ಅಂತ ದೂರಿನಲ್ಲಿ ಇದ್ರೆ, ಹೌದು, ಅಂದಿದ್ದು ನಿಜ.

ನರ್ಸಕ್ಕ ನನ್ನ ಮುಖ ನೋಡಿದ್ರು, ಹೋಗಿ ಮುಂದಿನ ಎರಡು ಹಗ್ಗ ಬಿಚ್ಚಿ ಎಸೆದ್ರು. ಹಿಂದಿನದ್ದು ಬಿಗಿದುಕೊಂಡಿತ್ತು. ಪ್ರದರ್ಶನಕ್ಕೆ ಗೋಡೆಗೆ ಹಾಕಿದ್ದ ಹದಿನೇಳನೇ ನಂಬರ್ ಕೊಡಲಿ ತಗೊಂಡು ಕಡಿದೆ. ಮೂರು ಏಟು. ಕೊಡಲಿಯನ್ನ ಒರೆಸಿ ಗೋಡೆಗೇ ವಾಪಸ್ ಹಾಕಿದೀನಿ. ಆಗ 9.21. ಹಡಗು ಒಂದು ಮಾರು ಸರಿದಾಗ ನಡುವಿನ ಹಲಗೆ ಜಾರಿತು, ಅಧ್ಯಕ್ಷರು ಧಕ್ಕೆ ಕಡೆ ಹಾರಿದ್ರು. ಆ ವಯಸ್ಸಿಗೆ ಬಹಳ ಚೆನ್ನಾಗಿ ಹಾರಿದ್ರು. ಫೈಲು ನೀರಿಗೆ ಬಿತ್ತು. ಫೈಲಿನ ಬಗ್ಗೆ ನನಗೆ ನಿಜವಾಗಲೂ ಬೇಜಾರಿದೆ.

ಕೆಳಗೆ ತಾತ ಹಬೆ ಬಿಟ್ರು. ಎಂಜಿನ್ ಒಂದು ಸಲ ನಿಟ್ಟುಸಿರು ಬಿಟ್ಟು ನಿಂತುಬಿಡ್ತು. ಹಾರೆ ತಾರೋ ಅಂದ್ರು. ಒಂದು ತುದಿ ಅವರು, ಒಂದು ತುದಿ ನಾನು, ನೀರು ತೊಡೆವರೆಗೆ. ಶನಿವಾರ ಶನಿವಾರ ಮಾಡಿದ ಅದೇ ಕಾಲು ಸುತ್ತು. ಸುತ್ತು ಮುಗೀತು, ತಾತ ಹಾರೆ ಎಳ್ಕೊಂಡು ಕೈ ದೂರ ಅಂತ ಕಿರಿಚಿದ್ರು, ಅಷ್ಟೆ. ಅವಳು ತಿರುಗಿದ್ಲು. ಸಾಹೇಬ್ರೇ, ಅವಳು ತಾನಾಗೇ ತಿರುಗಿದ್ಲು! ಒಂದು, ಎರಡು, ಮೂರು, ಆಮೇಲೆ ಎಣಿಸೋಕೆ ಆಗಲಿಲ್ಲ. ಆ ದೊಡ್ಡ ಕಬ್ಬಿಣದ ತೋಳುಗಳು ಮೇಲೆ ಕೆಳಗೆ, ಮೇಲೆ ಕೆಳಗೆ, ಎಣ್ಣೆ ನನ್ನ ಮುಖಕ್ಕೆ ಹಾರ್ತಿದೆ, ಕಾಲ ಕೆಳಗೆ ಹಲಗೆ ನಡುಗ್ತಿದೆ, ನಾನು ಕುಣೀತಿದೀನಿ. ಬರೆಯುವಾಗಲೂ ಕುರ್ಚಿಯಿಂದ ಎದ್ದು ಎದ್ದು ಕೂರ್ತಿದೀನಿ, ಅಕ್ಷರ ಸೊಟ್ಟ ಆಗಿದ್ರೆ ಅದಕ್ಕೇ.

9.24ಕ್ಕೆ ಮೇಲೆ ಓಡಿದೆ. ಚುಕ್ಕಾಣಿ ಹಿಡಿದಿದ್ದು ಡ್ರಾಯಿಂಗ್ ಮೇಷ್ಟ್ರು. ಆರು ವರ್ಷ ಆ ಚಕ್ರದ ಚಿತ್ರ ಬರೆದಿದಾರೆ, ಒಂದು ಸಲನೂ ತಿರುಗಿಸಿರಲಿಲ್ಲ. ಕನ್ನಡಕ ಮೂಗಿನ ತುದಿಗೆ ಬಂದಿತ್ತು. ತಿರುಗುತ್ತೋ, ನಕ್ಷೆಯಲ್ಲಿ ಇದ್ದ ಹಾಗೇ ತಿರುಗುತ್ತೋ ಅಂತ ಕೂಗ್ತಿದ್ರು. ನಾನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಓಡಾಡ್ಕೊಂಡು ಇವರ ಮಾತು ಅವರಿಗೆ, ಅವರ ಬೈಗಳು ಇವರಿಗೆ ಮುಟ್ಟಿಸಿದೆ. ಅಷ್ಟರಲ್ಲಿ ಪರಿಶೀಲನೆ ಮೇಡಂ ಮೇಲಿನ ಸರಪಳಿ ತೋರಿಸಿ ಇದೇನು ಅಂತ ಕೇಳಿದ್ರು. ಸೀಟಿ ಅಂದೆ. ಎಳೀಬಹುದಾ ಅಂದ್ರು. ಮಂಡಳಿ ಅನುಮತಿ ಇದೆ, ಮೂರೇ ಸಲ ಅಂದೆ. ಮೂರು ಸಲ ಎಳೆದ್ರು. ಧಕ್ಕೆ ಮೇಲಿನ ಹಕ್ಕಿಗಳೆಲ್ಲ ಒಟ್ಟಿಗೆ ಎದ್ದವು. ಇರೋ ಇಷ್ಟು ಹಬೆನ ಯಾವ ದಡ್ಡ ಮುಂಡೇದು ಪೋಲು ಮಾಡ್ತಿರೋದು ಅಂತ ಕೆಳಗಿಂದ ತಾತ ಬೈದ್ರು. ಅದನ್ನ ಮಾತ್ರ ನಾನು ಮುಟ್ಟಿಸಲಿಲ್ಲ.

9.33ಕ್ಕೆ ಅಜ್ಜಿ ಕೆಸರಿಗೆ ಹತ್ತಿದ್ಲು. ಒಂದು ಚೂರೂ ಹೊಡೆತ ಇಲ್ಲ, ದಣಿದು ಬಂದೋರು ಹಾಸಿಗೆ ಮೇಲೆ ಕೂತ ಹಾಗೆ. ಹಡಗಲ್ಲಿ ಇದ್ದ ಆರು ಜನಕ್ಕೂ ಏನೂ ಆಗಿಲ್ಲ. ಮೇಡಂ ತಮ್ಮ ಪಟ್ಟಿಯಲ್ಲಿ, ಎಂಜಿನ್: ಓಡುತ್ತೆ ಅಂತ ಬರ್ಕೊಂಡ್ರು. ಸೋಮವಾರ ಬರ್ತೀನಿ, ಅವತ್ತು ತೇಲ್ತಿದ್ರೆ ಉಳಿದದ್ದು ನೋಡ್ತೀನಿ, ಇಲ್ಲದಿದ್ರೆ ನನ್ನ ಕೈಯಲ್ಲೂ ಏನೂ ಇಲ್ಲ ಅಂದು ಸಣ್ಣ ದೋಣಿ ಹತ್ತಿ ಹೋದ್ರು.

ಇನ್ನು ಮುಖ್ಯ ವಿಷಯ. ಎಂಜಿನ್ ಓಡಿಸೋ ಆಸೆಗೆ ತಾತನೇ ಬೇಕು ಅಂತ ತಳದ ವಾಲ್ವ್ ತೆಗೆದು ನೀರು ಬಿಟ್ರು ಅಂತ ಅಧ್ಯಕ್ಷರು ದೂರಿನಲ್ಲಿ ಬರೆದಿದಾರಂತೆ. 10.15ಕ್ಕೆ ತಾತ ನನ್ನ ಪಕ್ಕಕ್ಕೆ ಕರೆದು, ನಾನು ಒಪ್ಕೊಂಡು ಬಿಡ್ತೀನಿ, ನೀನು ಬಾಯಿ ಬಿಡಬೇಡ, ನನಗೆ ಇನ್ನೆಷ್ಟು ಶನಿವಾರ ಉಳಿದಿವೆ, ನಿನಗೆ ಬೇಕಾದಷ್ಟಿವೆ ಅಂದ್ರು. ಹಡಗಿಗೆ ಹಾನಿ ಮಾಡಿದೋರ ಸ್ವಯಂಸೇವಕ ಕಾರ್ಡು ಕಿತ್ಕೊಂಡು, ಮತ್ತೆ ಯಾವತ್ತೂ ಹತ್ತಿಸಬಾರದು ಅನ್ನೋದು ಮಂಡಳಿ ನಿಯಮ. ನಾನು ಆಗ ಹೂಂ ಅಂದೆ. ಸಾಹೇಬ್ರೇ, ಹೂಂ ಅಂದಿದ್ದೆ. ಅತ್ತೆ ಅಂಗಡಿಗೆ ಹೋಗಿ ಒಣ ಅಂಗಿ ಹಾಕ್ಕೊಳ್ಳುವಾಗ ಪ್ಯಾಂಟಿನ ಜೇಬಲ್ಲಿ ಏನೋ ಗಟ್ಟಿ ಸಿಕ್ತು. ಬೆಳಗ್ಗೆ ಒಡೆದು, ಗುಡಿಸುವಾಗ ಜೇಬಿಗೆ ಹಾಕಿದ್ದ ಸಿಮೆಂಟಿನ ಒಂದು ತುಂಡು. ತಿರುಗಿಸಿ ನೋಡಿದ್ರೆ ಒಂದು ಹೆಬ್ಬೆರಳಿನ ಗುರುತು. ಹಸಿ ಇದ್ದಾಗ ಒತ್ತಿದ್ದು. ನಲವತ್ತೊಂದು ವರ್ಷ ಆ ಹೆಬ್ಬೆರಳು ಆ ತೂತನ್ನ ಮುಚ್ಚಿತ್ತು. ಅತ್ತೆಗೆ ಎಲ್ಲ ಹೇಳಿದೆ. ಅತ್ತೆ ಚೆನ್ನಾಗಿ ಉಗಿದು, ಮುದುಕರ ಬೆನ್ನ ಹಿಂದೆ ಅಡಗೋ ಅಷ್ಟು ಸಣ್ಣೋನಾ ನೀನು ಅಂದ್ರು.

ಆದ್ದರಿಂದ ಬರೆದುಕೊಡ್ತಿದೀನಿ: ವಾಲ್ವ್ ಯಾರೂ ತೆಗೆದಿಲ್ಲ. ಸಿಮೆಂಟ್ ಒಡೆದಿದ್ದು ನಾನು. ಬೇಡ ಅಂತ ಹೇಳಿದ ಮೇಲೂ ಒಡೆದಿದ್ದು ನಾನು. ಹಗ್ಗ ಕಡಿದಿದ್ದೂ ನಾನು, ಮೊದಲನೇದಕ್ಕೆ ನಾಚಿಕೆ ಇದೆ, ಎರಡನೇದಕ್ಕೆ ಇಲ್ಲ. ಆ ತುಂಡನ್ನ ನಿಮ್ಮ ಮೇಜಿನ ಮೇಲೆ ಇಟ್ಟಿದೀನಿ. ಒಂದು ಅಂಚಲ್ಲಿ ಹಳದಿ ಗೀಟು ಮಸುಕಾಗಿ ಇನ್ನೂ ಇದೆ, ಅದರ ಪಕ್ಕದಲ್ಲೇ ಹೆಬ್ಬೆರಳು, ತಾತನ ಬೆರಳಿಗೆ ಹಿಡಿದು ನೋಡಬಹುದು.

ಇನ್ನೂ ವಿಚಾರಣೆ ಇದೆ, ಕೂತಿರು ಅಂದು ಒಳಗೆ ಹೋದ್ರಿ ಸಾಹೇಬ್ರೇ. 3.45ಕ್ಕೆ ನೀರು ಪೂರ್ತಿ ಇಳಿಯುತ್ತೆ. ತೂತು ಈಗಾಗಲೇ ಗಾಳಿಗೆ ಬಂದಿರುತ್ತೆ, ಸಂಜೆ 6.30ಕ್ಕೆ ಮತ್ತೆ ನೀರು ಮುಟ್ಟುತ್ತೆ. ಅಷ್ಟರಲ್ಲಿ ಮುಚ್ಚಬೇಕು. ಹೊರಗಿಂದ ಹಾಕೋಕೆ ಅತ್ತೆ ದಪ್ಪ ಕ್ಯಾನ್ವಾಸ್ ನಾಲ್ಕು ಮಡಿಕೆ ಹೊಲೀತಿದಾರೆ, ನರ್ಸಕ್ಕ ಗ್ರೀಸ್ ಹಿಡ್ಕೊಂಡು ಕಾಯ್ತಿದಾರೆ. ಮೇಷ್ಟ್ರು ಬೇಗ ಗಟ್ಟಿ ಆಗೋ ಸಿಮೆಂಟ್ ಕಲಸ್ತಿದಾರೆ. ಹೌದು, ಅದೇ ಮೇಷ್ಟ್ರು. ತಾತನಿಗೆ ಮಂಡಿನೋವು, ತಳಕ್ಕೆ ಇಳಿಯೋಕೆ ಆಗಲ್ಲ. ಆ ಸಂದಿಗೆ ಹಿಡಿಸೋದು ನಾನೊಬ್ಬನೇ. ನನ್ನ ಕಾರ್ಡು ಕೀಳಬೇಕಾದ್ರೆ ಮಂಡಳಿ ತೀರ್ಮಾನ ಆಗಬೇಕು. ಸಭೆ ಹದಿನಾಲ್ಕಕ್ಕೆ. ಅಲ್ಲೀವರೆಗೂ ನಾನು ಹಡಗಿನೋನೇ.

ಓಡಿ ಹೋಗಲ್ಲ. ಕಿಟಕಿಯಿಂದ ನೋಡಿದ್ರೆ ಅವಳ ಚಿಮಣಿ ಕಾಣುತ್ತೆ, ನಾನು ಅದರ ಕೆಳಗೆ ಇರ್ತೀನಿ. ಬರೋದಾದ್ರೆ ಬೂಟು ಬಿಚ್ಚಿ ಬನ್ನಿ, ಕೆಸರು ಮೊಣಕಾಲುದ್ದ ಇದೆ.

ಮೇಲೆ ಬರೆದದ್ದೆಲ್ಲ ನಾನೇ ಬರೆದದ್ದು, ನಡೆದದ್ದೇ ಬರೆದದ್ದು. ಒಂದು ಸಲ ಓದಿ ನೋಡಿದೆ, ಒಂದು ಸಾಲೂ ಹೊಡೆದು ಹಾಕಿಲ್ಲ.

ಸ್ಥಳ: ಠಾಣೆ, ಕಿಟಕಿ ಪಕ್ಕದ ಮೇಜು
ದಿನ: ಶನಿವಾರ, 8ನೇ ತಾರೀಖು, ಮಧ್ಯಾಹ್ನ 2.18
ಸಹಿ: ಹಾಕಿದೀನಿ

ಪೆನ್ನು ಕಾಗದದ ಮೇಲೆ ಇಟ್ಟು, ಅದರ ಮೇಲೆ ಸಿಮೆಂಟ್ ತುಂಡು ಇಟ್ಟಿದೀನಿ, ಹಾರಲ್ಲ. ಆದ್ರೂ ಹೋಗ್ತಾ ಬಾಗಿಲು ಹಾಕ್ಕೊಂಡೇ ಹೋಗ್ತೀನಿ.