ಒಂಬತ್ತು ಫೂಟು ಬಿಟ್ಟುಕೊಟ್ಟ ಕಬರಸ್ತಾನ

ಹೆಸರು: ಜಾಫರಸಾಬ ತಂದೆ ಹುಸೇನಸಾಬ ಅತ್ತಾರ, ವಯಸ್ಸು: 74, ಉದ್ಯೋಗ: ನಿವೃತ್ತ ಗ್ರಂಥಪಾಲಕ, ಸಾ: ಮಸಗುಪ್ಪಿ, ತಾ: ಮೂಡಲಗಿ.

ಸರಕಾರಿ ಕೆಲಸಕ್ಕೆ ಅಡ್ಡಿ ಮಾಡಿದೆನೆಂಬ ದೂರಿನ ಬಗ್ಗೆ ಠಾಣೆಯಲ್ಲಿ ವಿಚಾರಿಸಲಾಗಿ ನಾನು ಹೇಳಿ ಬರೆಸುವುದೇನೆಂದರೆ,

ಕಾಲುವೆ ರಸ್ತೆಯನ್ನು ಅಗಲ ಮಾಡಲು ನಮ್ಮ ಕಬರಸ್ತಾನದ ಅಂಚಿನ ಜಾಗ ಬೇಕೆಂದು ಹೋದ ತಿಂಗಳು ಗೋಕಾಕದಿಂದ ಇಂಜಿನಿಯರ್ ರಾವಸಾಹೇಬರು ಬಂದಿದ್ದರು. ಗೋಡೆಯಿಂದ ಒಳಗೆ ಒಂಬತ್ತು ಫೂಟು ಸಾಕು, ಯಾವ ಗೋರಿಗೂ ಧಕ್ಕೆಯಿಲ್ಲ ಎಂದು ಎಲ್ಲರೆದುರು ಹೇಳಿದರು. ನಾವು ಒಪ್ಪಿದೆವು.

ನಿನ್ನೆ ದಿ. 12-01-2025ರಂದು ಬೆಳಿಗ್ಗೆ 6-40ಕ್ಕೆ ನಾನು ಅಲ್ಲಿಗೆ ಹೋದಾಗ ಕಾಲುವೆಯ ಮೇಲಿನ ಮಂಜು ಕರಗಿರಲಿಲ್ಲ. ಆ ಮಂಜಿನಲ್ಲಿ ಒಂದು ಸುಣ್ಣದ ಗೆರೆ ತೇಲಿದಂತೆ ಕಂಡಿತು. ಅದು ನನ್ನ ಹೆಂಡತಿ ನಸೀಮಾಬಿಯ ಮಣ್ಣಿನ ಗೋರಿಯನ್ನೂ ದಾಟಿತ್ತು. ಅವಳ ಬಾಜೂ ನನಗೆಂದು ಬಿಟ್ಟ ಜಾಗವೂ ರಸ್ತೆಯ ಪಾಲಾಗಿತ್ತು.

ಜೆಸಿಬಿಯೊಡನೆ ಬಂದಿದ್ದ ಹುಕ್ಕೇರಿಯ ಕಿರಿಯ ಇಂಜಿನಿಯರ್ ಶುಭಮ್ ನಕ್ಷೆ ತೋರಿಸಿದರು. ಅದರಲ್ಲಿ ಒಂಬತ್ತು ಮೀಟರ್ ಎಂದಿತ್ತು. ರಾವಸಾಹೇಬರಿಗೆ ಫೋನ್ ಹಚ್ಚಿಸಿದೆ.

"ಮಂದಿ ಮುಂದ ನಾವು ಮಾತಾಡೂದು ಫೂಟಿನ್ಯಾಗರಿ, ನಕಾಶಿಯೊಳಗ ಬರಿಯೂದು ಮೀಟರಿನ್ಯಾಗ. ನಡುವ ಲೆಕ್ಕಾ ಮಾಡೂದು ಮರ್ತೈತಿ," ಎಂದರು. ಆದರೆ ಹೊಸ ನಕ್ಷೆ ಮೇಲಿನಿಂದಲೇ ಬರಬೇಕು, ಅಲ್ಲಿಯ ತನಕ ಕೆಲಸ ನಿಲ್ಲಿಸಲಾಗದು ಎಂದು ಫೋನ್ ಇಟ್ಟರು.

ನಾನು ನಾಲ್ಕನೆಯ ಇಯತ್ತೆಯಲ್ಲಿದ್ದಾಗ ಮೀಟರ್ ಬಂತು. ನಮ್ಮ ಗುರುಗಳು ಅದನ್ನು ಹದಿನೈದು ದಿನದಲ್ಲಿ ಕಲಿಸಿ ಮುಗಿಸಿದರು. ಇಲಾಖೆಗೆ ಅರವತ್ತು ವರ್ಷವೂ ಸಾಲಲಿಲ್ಲ.

ಯಂತ್ರ ಗೋಡೆ ಕೆಡವಿ ಒಳಗೆ ಬಂತು. ನಾನು ಹೋಗಿ ನಸೀಮಾಬಿಯ ಬಾಜೂ, ನನ್ನ ಜಾಗದಲ್ಲಿ ಮಲಗಿದೆನು.

"ಕಾಕಾ, ಏಳ್ರಿ. ನನ್ನ ಕೈಯಾಗ ಏನೂ ಇಲ್ರಿ," ಎಂದರು ಶುಭಮ್.

"ಟೇಪ್ ಐತಲ್ಲಪಾ ಕೈಯಾಗ. ಅದರ ಒಂದ ಅಂಚಿಗೆ ಫೂಟಿನ ಅಂಕಿ, ಇನ್ನೊಂದಕ್ಕ ಮೀಟರಿನ ಅಂಕಿ ಅದಾವ," ಎಂದೆ.

ಮಣ್ಣು ತಂಪಾಗಿತ್ತು. ಯಂತ್ರದ ಸದ್ದು ಬರಬರುತ್ತ ಆಚೆ ಕೋಣೆಯಲ್ಲಿ ಅವಳು ಹೊಲಿಗೆ ಮಷೀನು ತುಳಿಯುವಂತೆ ಕೇಳಿಸಿತು. ಊಟಕ್ಕೆ ಕರೆಯುತ್ತಾಳೆ ಎನಿಸಿ ಕಣ್ಣು ಮುಚ್ಚಿದೆ. ನಿಜವಾಗಿ ನಿದ್ದೆ ಬಂತು. 8-15ಕ್ಕೆ ಪೊಲೀಸರು ಎಬ್ಬಿಸಿದಾಗ ಯಂತ್ರ ನಿಂತಿತ್ತು. ಶುಭಮ್ ಗೋಡೆಯ ಬುಡದಿಂದ ಟೇಪ್ ಹಿಡಿದು ಬಗ್ಗಿ ಅಳೆಯುತ್ತಿದ್ದರು.

ನಾನು ಮಲಗಿದ್ದು ಖರೆ. ತಿದ್ದಿದ ನಕ್ಷೆ ಬರುವ ತನಕ ದಿನಾ ಬೆಳಿಗ್ಗೆ ಅಲ್ಲೇ ಮಲಗುತ್ತೇನೆ, ಅದನ್ನೂ ಬರೆದುಕೊಳ್ಳಬೇಕು.

ಈ ಹೇಳಿಕೆಯನ್ನು ನನಗೆ ಓದಿ ಹೇಳಿದ್ದಾರೆ. ನಾನು ಹೇಳಿದಂತೆಯೇ ಇದೆ, ಎಲ್ಲವೂ ಸತ್ಯ.

ಸ್ಥಳ: ಮೂಡಲಗಿ
ದಿನಾಂಕ: 13-01-2025

(ಸಹಿ) ಜಾಫರಸಾಬ ಹು. ಅತ್ತಾರ